‘ನಿಮ್ಮಷ್ಟೇ’ ಎಂದ ಸೋಮವಾರ

ಆ ಹಿಂದಿ ಧಾರಾವಾಹಿಯ ನಲವತ್ತು ಎಪಿಸೋಡುಗಳು ಕನ್ನಡದಲ್ಲಿ ಪ್ರಸಾರವಾಗಿದ್ದವು, ಇನ್ನೂ ನೂರಿಪ್ಪತ್ತು ಬಾಕಿ ಇದ್ದವು. ಡಬ್ಬಿಂಗ್ ನಡೆಯುತ್ತಿದ್ದದ್ದು ಚೆನ್ನೈನ ಸಾಲಿಗ್ರಾಮದಲ್ಲಿ, ಟೈಲರ್ ಅಂಗಡಿಯ ಮೇಲಿನ ಒಂದು ಸಣ್ಣ ಸ್ಟುಡಿಯೋದಲ್ಲಿ. ಹಿಂದಿ ಮಾತಿಗೆ ಕನ್ನಡ ಬರೆಯುವವಳು ನಾನು. ಬರೆದದ್ದನ್ನು ಕಲಾವಿದರ ಬಾಯಲ್ಲಿ ಹೇಳಿಸುವವಳೂ ನಾನೇ. ಅದು ಸಾಲದೆಂದು, ಸೋಫಾದ ಮೂಲೆಯಲ್ಲಿ ಕೂತು ಎಪಿಸೋಡಿಗೆ ನಾಲ್ಕೇ ನಾಲ್ಕು ಮಾತಾಡುವ ಚಿಕ್ಕಮ್ಮನ ಪಾತ್ರಕ್ಕೆ ದನಿಯನ್ನೂ ಕೊಡುತ್ತಿದ್ದೆ.

ಮಾತೆಲ್ಲ ಇದ್ದದ್ದು ಅತ್ತೆಯದು. ಆ ಅತ್ತೆ ಎಪಿಸೋಡಿನ ಮುಕ್ಕಾಲು ಪಾಲು ಗದರುತ್ತಾಳೆ, ಉಳಿದ ಕಾಲು ಪಾಲು ಅಳುತ್ತಾಳೆ. ಅವಳಿಗೆ ದನಿ ಕೊಡುತ್ತಿದ್ದವರನ್ನು ನಾವೆಲ್ಲ ಮಾಮಿ ಎನ್ನುತ್ತಿದ್ದೆವು. ಅರವತ್ತೆರಡು ವರ್ಷ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದ ಮನೆಯವರು, ನಮ್ಮ ಮನೆಯ ಹಾಗೆಯೇ. ಪಶ್ಚಿಮ ಮಾಂಬಲದ ಒಂದು ಹಳೆಯ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಒಬ್ಬರೇ ಬಾಡಿಗೆಗೆ ಇದ್ದರು.

ಒಂಬತ್ತು ವರ್ಷದ ಹಿಂದೆ ನನಗೆ ಈ ಕೆಲಸ ಕಲಿಸಿದವರು ಅವರೇ. ಮೊದಲ ದಿನ ನಾನು ಪರದೆಯ ಮೇಲಿನ ತುಟಿಗಳನ್ನೇ ನೋಡುತ್ತಾ ಪ್ರತಿ ಸಾಲಿನಲ್ಲೂ ಅರ್ಧ ಸೆಕೆಂಡು ಹಿಂದೆ ಬೀಳುತ್ತಿದ್ದೆ. ಮಾಮಿ ಬಂದು ನನ್ನ ಗಲ್ಲ ಹಿಡಿದು ಸ್ವಲ್ಪ ಕೆಳಗೆ ಇಳಿಸಿದರು. “ತುಟಿ ನೋಡ್ಬೇಡ್ವೇ, ಕತ್ತು ನೋಡು. ಮಾತಾಡೋಕ್ ಮುಂಚೆ ಉಸುರು ತಗೋತಾಳಲ್ಲ, ಆಗ ಕತ್ತು ಏಳತ್ತೆ. ಅವಳ ಜೊತೆ ನೀನೂ ಉಸುರು ತಗೋ. ಮಾತು ತಾನಾಗ್ ಬರತ್ತೆ.” ಇವತ್ತಿಗೂ ನಾನು ಹೊಸಬರಿಗೆ ಹೇಳಿಕೊಡುವುದು ಇದನ್ನೇ, ನಾನೇ ಕಂಡುಹಿಡಿದವಳ ಹಾಗೆ.

ನಮಗೆ ದುಡ್ಡು ಕೊಡುತ್ತಿದ್ದದ್ದು ಕೋಆರ್ಡಿನೇಟರ್. ಉಡುಪಿ ಕಡೆಯವನು. ಹುಡುಗನಾಗಿದ್ದಾಗ ನೆಂಟರ ಹೋಟೆಲಿನ ಗಲ್ಲಾದಲ್ಲಿ ಕೂರಲು ಮದ್ರಾಸಿಗೆ ಬಂದು, ಅಲ್ಲಿ ಊಟಕ್ಕೆ ಬರುತ್ತಿದ್ದ ಸ್ಟುಡಿಯೋದವರ ಜೊತೆ ಸೇರಿ ಈ ಕೆಲಸಕ್ಕೆ ದಾಟಿಕೊಂಡವನು. ವಾರಕ್ಕೊಮ್ಮೆ, ಶನಿವಾರ, ಮೆಟ್ಟಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಕವರು ಕೊಟ್ಟು, ಉದ್ದ ಪುಸ್ತಕ ತೆರೆದು ಸಹಿ ಹಾಕಿಸುತ್ತಿದ್ದ. ನಮ್ಮ ಹೆಸರಿನ ಮೇಲೊಂದು, ಕೆಳಗೊಂದು ಸ್ಟೀಲ್ ಸ್ಕೇಲು ಅಡ್ಡ ಇಡುತ್ತಿದ್ದ. ನಮ್ಮ ಸಾಲು ಬಿಟ್ಟು ಬೇರೆ ಯಾರ ಸಾಲೂ ಕಾಣಬಾರದು. “ನಮ್ಮೊಳಗೇ ಇರ್ಲಿ ಅಕ್ಕ, ಆಯ್ತಾ?” ಎಂದು ಪ್ರತಿ ಶನಿವಾರವೂ ಹೇಳುತ್ತಿದ್ದ. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ನಮಗೆ ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಷ್ಟೇ ಸಹಜವಾಗಿತ್ತು.

ಒಂದು ಶನಿವಾರ ಅವನ ಫೋನು ಬಂದು, ಎತ್ತಲು ಕೈ ತೆಗೆದಾಗ ಮೇಲಿನ ಸ್ಕೇಲು ಜಾರಿತು. ಮಾಮಿಯ ಸಾಲು ಕಂಡಿತು. ಎಪಿಸೋಡಿಗೆ ಏಳುನೂರು. ನನ್ನ ಚಿಕ್ಕಮ್ಮನ ನಾಲ್ಕು ಮಾತಿಗೆ ಸಾವಿರದ ಇನ್ನೂರು. ಬರವಣಿಗೆಯದು ಬೇರೆ ಲೆಕ್ಕ, ಬೇರೆ ಕವರು. ನಾನು ಚೌಕಾಸಿ ಮಾಡಿ ಗಿಟ್ಟಿಸಿದ ದರವೇನೂ ಅಲ್ಲ ಅದು. ಈ ಧಾರಾವಾಹಿ ಶುರುವಾದಾಗ ಕಲಾವಿದರು ಸಿಗದ ಹೊತ್ತು, ಅವನೇ ಬಾಯಿಬಿಟ್ಟು ಹೇಳಿದ್ದು. ಮಾಮಿಯದು ಮಾತ್ರ ಜಾಹೀರಾತು, ಭಕ್ತಿ ಕ್ಯಾಸೆಟ್ಟಿನ ಕಾಲದಿಂದ ಇಂಚಿಂಚಾಗಿ ಏರಿಕೊಂಡು ಬಂದ ದರ. ಅವರಾಗಿ ಕೇಳಿದವರಲ್ಲ, ಅವನಾಗಿ ಕೊಟ್ಟವನಲ್ಲ.

ನಾನು ಸಹಿ ಹಾಕಿ ಕೆಳಗಿಳಿದೆ. ಯಾರಿಗೂ ಹೇಳಲಿಲ್ಲ. ಇದಾಗಿ ಎರಡು ತಿಂಗಳಿಗೆ ಆ ಸೋಮವಾರ ಬಂತು.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಕಾಯುವ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಉಳಿದ ನೂರಿಪ್ಪತ್ತು ಎಪಿಸೋಡಿಗೆ ಎಲ್ಲರೂ ಶನಿವಾರದೊಳಗೆ ಕರಾರಿಗೆ ಸಹಿ ಹಾಕಬೇಕು, ದರ ಹಳೆಯದೇ, ಎಂದು ಕೋಆರ್ಡಿನೇಟರ್ ಬೆಳಿಗ್ಗೆ ಒಬ್ಬೊಬ್ಬರನ್ನೇ ಕರೆದು ಹೇಳಿದ್ದ. ಮಾಮಿ ಸಾಂಬಾರನ್ನದ ಡಬ್ಬಿ ನನ್ನ ಕಡೆ ತಳ್ಳಿ, ಸುತ್ತು ಬಳಸದೆ ಶುರು ಮಾಡಿದರು.

“ಮನೆ ಓನರ್ ಹದಿನೈದು ಸಾವ್ರ ಕೇಳ್ತಿದಾನೆ ಕಣೇ. ಈಗ ಕೊಡ್ತಿರೋದು ಹನ್ನೊಂದು. ಇವನು ಕೊಡೋದ್ರಲ್ಲಿ ಹದಿನೈದು ಎಲ್ಲಿಂದ ತರ್ಲಿ? ತಮ್ಮ ಹೊಸೂರಿಗೆ ಬಂದ್ಬಿಡು ಅಂತಾನೆ. ಅವನ ಹೆಂಡ್ತಿ ಅಡುಗೆಮನೇಲಿ ನಾನು ಲೋಟ ಎಲ್ಲಿಡ್ಬೇಕು ಅಂತ ಕೇಳ್ಕೊಂಡು ಇರ್ಬೇಕು.” ಒಂದು ಗುಟುಕು ನೀರು ಕುಡಿದರು. “ಇವನ ಹತ್ರ ಜಾಸ್ತಿ ಕೇಳೋಣ ಅಂತ. ಆದ್ರೆ ಎಷ್ಟು ಅಂತ ಕೇಳೋದು? ಇಲ್ಲಿ ಎಷ್ಟು ಕೊಡ್ತಾರೆ ಅಂತ್ಲೇ ಗೊತ್ತಿಲ್ವೇ ನಂಗೆ. ನಿಂಗೆ ಎಷ್ಟು ಕೊಡ್ತಾನೆ ಹೇಳು. ಯಾರ ಹತ್ರಾನೂ ಹೇಳಲ್ಲ.”

ನಾನು ಸಂಪಾದನೆ ಕೇಳುವವರ ಮಧ್ಯೆಯೇ ಬೆಳೆದವಳು. ನಮ್ಮ ನೆಂಟರ ಮದುವೆಗಳಲ್ಲಿ ಎಲೆಗೆ ಪಾಯಸ ಬೀಳುವ ಮೊದಲು ಸಂಬಳದ ಪ್ರಶ್ನೆ ಬೀಳುತ್ತದೆ. ಜಾರಿಕೊಳ್ಳುವ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದೇ ಬಂತು.

“ಅಯ್ಯೋ ಮಾಮಿ, ನಂಗೇನ್ ದೊಡ್ಡದಾಗ್ ಕೊಡ್ತಾನಾ? ನಿಮ್ಮಷ್ಟೇ.”

“ಏಳುನೂರಾ?”

“ಹೂಂ.”

ಅವರು ತಲೆಯಾಡಿಸಿದರು. “ಹಾಗಾದ್ರೆ ಕೇಳಿ ಏನ್ ಪ್ರಯೋಜನ. ಇಲ್ಲಿ ಇರೋದೇ ಅಷ್ಟು” ಎಂದರು.

ಯಾಕೆ ಸುಳ್ಳು ಹೇಳಿದೆ? ಕೋಆರ್ಡಿನೇಟರ್ ಬೇಡ ಎಂದಿದ್ದ, ಅದೊಂದು. ದರ ಇಳಿಸಿಬಿಟ್ಟರೆ ಎಂಬ ಹೆದರಿಕೆ, ಅದೊಂದು. ಆದರೆ ನಿಜವಾದ ಕಾರಣ ನಾಚಿಕೆ. ನನ್ನ ಗಲ್ಲ ಹಿಡಿದು ಕಲಿಸಿದವರಿಗೆ, ನಿಮಗಿಂತ ಹತ್ತು ಪಾಲು ಕಡಿಮೆ ಮಾತಾಡಿ ನಿಮಗಿಂತ ಹೆಚ್ಚು ತೆಗೆದುಕೊಳ್ಳುತ್ತೇನೆ ಎಂದು ಅವರದೇ ಅನ್ನ ತಿನ್ನುತ್ತಾ ಹೇಳುವುದು ಹೇಗೆ?

ಮಂಗಳವಾರ ನಾಲ್ಕು ಎಪಿಸೋಡಿನ ಬರವಣಿಗೆ ಬಾಕಿ ಇತ್ತು. ಬೆಳಿಗ್ಗೆ ಐದಕ್ಕೇ ಎದ್ದು ಕೂತೆ. ನಮ್ಮ ಬರವಣಿಗೆ ಕಥೆ ಬರೆದ ಹಾಗಲ್ಲ. ವಿಡಿಯೋ ಒಂದೊಂದೇ ಸಾಲು ಓಡಿಸಿ, ನಿಲ್ಲಿಸಿ, ತುಟಿ ಎಲ್ಲಿ ಮುಚ್ಚಿತು ಎಂದು ಗುರುತು ಹಾಕಿಕೊಳ್ಳಬೇಕು. ಪ, ಬ, ಮ ಬಂದಲ್ಲಿ ತುಟಿ ಕೂಡುತ್ತದೆ, ನಮ್ಮ ಮಾತಿನಲ್ಲೂ ಅಲ್ಲೇ ಕೂಡಬೇಕು. ಅತ್ತೆ ‘ಖಬರ್ದಾರ್’ ಎಂದು ಬೆರಳೆತ್ತುತ್ತಾಳೆ. ‘ಹುಷಾರ್’ ಎಂದು ಬರೆದರೆ ನಡುವೆ ತುಟಿ ಸುಮ್ಮನೆ ಮುಚ್ಚಿ ತೆರೆದ ಹಾಗಾಗುತ್ತದೆ. ‘ನೆನಪಿರಲಿ’ ಕೂರುತ್ತದೆ. ಮಾಮಿಯಾದರೆ ಅದನ್ನು ‘ನೆನಪ್ಪಿರಲಿ’ ಎಂದು ಒತ್ತಿ ಇನ್ನೂ ಚೆನ್ನಾಗಿ ಕೂರಿಸುತ್ತಾರೆ. ಬೇರೆ ದಿನ ಗಂಟೆಗೆ ಐದು ಪುಟ ಮುಗಿಸುವವಳು ಅವತ್ತು ಎರಡು ಪುಟಕ್ಕೆ ಒದ್ದಾಡಿದೆ. ಬರೆದ ಪ್ರತಿ ಸಾಲೂ ಮಾಮಿಯ ದನಿಯಲ್ಲೇ ಕೇಳಿಸುತ್ತಿತ್ತು. ಎದ್ದೆ, ಕೂತೆ, ಕಾಫಿ ಇಟ್ಟು ಕುಡಿಯಲು ಮರೆತೆ.

ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬು ಕಾಯುತ್ತಾ ಶೂ ಹಾಕಿಕೊಳ್ಳುತ್ತಿದ್ದ ಮಗಳನ್ನು ಕೇಳಿದೆ. “ನಿಮ್ಮ ಆಫೀಸಲ್ಲಿ ಒಬ್ಬರ ಸಂಬಳ ಇನ್ನೊಬ್ಬರಿಗೆ ಹೇಳ್ತೀರೇನೇ?”

ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುವುದು. “ಎಲ್ಲಾರುಂ ಒರು ಶೀಟ್‌ಲ ಪೋಡುವೋಂ ಮಾ. ಪೇರ್ ಇರುಕ್ಕಾದು, ಸ್ಯಾಲರಿ ಮಟ್ಟುಂ.” ಹೆಸರು ಹಾಕದೆ ಸಂಬಳ ಮಾತ್ರ ಒಂದು ಪಟ್ಟಿಯಲ್ಲಿ ಎಲ್ಲರೂ ಬರೆದಿಡುತ್ತಾರಂತೆ. ಯಾಕೆ ಎಂದೆ. ಅವಳು ನನ್ನನ್ನು ಹಳೆಯ ಕಾಲದ ಪ್ರಾಣಿಯ ಹಾಗೆ ನೋಡಿ, “ಇಲ್ಲನ್ನಾ ಎವ್ವಳವು ಕೇಕ್ಕಣುಂನು ಎಪ್ಪಡಿ ತೆರಿಯುಂ?” ಎಂದು ಬಾಗಿಲು ಎಳೆದುಕೊಂಡು ಹೋದಳು. ಇಲ್ಲದಿದ್ದರೆ ಎಷ್ಟು ಕೇಳಬೇಕು ಎಂದು ಗೊತ್ತಾಗುವುದು ಹೇಗೆ? ಮಾಮಿ ಕೇಳಿದ್ದೂ ಅದನ್ನೇ ಅಲ್ಲವೇ?

ಬುಧವಾರ ಮಾಮಿ ಒಂದು ಗಂಟೆ ತಡವಾಗಿ ಬಂದರು. ಅವರು ತಡ ಮಾಡುವವರಲ್ಲ. ಬಳೆ ಬಿಚ್ಚಿ ಕಿಟಕಿಯ ಮೇಲಿಟ್ಟು, ಸೆರಗು ಸಿಕ್ಕಿಸಿ ರೆಕಾರ್ಡಿಂಗ್ ಬೂತಿಗೆ ಹೋದರು. ಮೈಕಿಗೆ ಸರಬರ ಕೇಳಿಸುತ್ತದೆಂದು ಯಾವಾಗಲೂ ತೊಳೆದು ಮೆತ್ತಗಾದ ಹತ್ತಿ ಸೀರೆಯನ್ನೇ ಉಡುತ್ತಿದ್ದರು. ಗಾಜಿನ ಈಚೆ ಸೌಂಡ್ ಇಂಜಿನಿಯರ್ ಪಕ್ಕದಲ್ಲಿ ನಾನು. ನನ್ನ ಕೈಯಡಿ ಟಾಕ್‌ಬ್ಯಾಕ್ ಬಟನ್ನು, ಅದನ್ನು ಒತ್ತಿ ಮಾತಾಡಿದರೆ ಬೂತಿನಲ್ಲಿರುವವರ ಹೆಡ್‌ಫೋನಿಗೆ ಕೇಳಿಸುತ್ತದೆ. ಅವರು ಆಡಿದ್ದು ಈಚೆ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಅವತ್ತು ಎರಡು ಎಪಿಸೋಡು ಮುಗಿಸಿದೆವು. ತುಟಿಗೆಲ್ಲ ಮಾತು ಕೂತಿತ್ತು, ತಪ್ಪು ಹುಡುಕಿದರೂ ಸಿಗುವಂತಿರಲಿಲ್ಲ. ಆದರೆ ಅತ್ತೆ ಗದರಿದರೆ ಯಾರೋ ಪತ್ರ ಓದಿದ ಹಾಗಿತ್ತು. ಅದು ಗೊತ್ತಾಗಿಯೂ ನಾನು ಮತ್ತೆ ಹೇಳಿಸಲಿಲ್ಲ. ಟಾಕ್‌ಬ್ಯಾಕ್ ಒತ್ತಿ ಅವರಿಗೆ ‘ಇನ್ನೊಂದು ಸಲ’ ಅನ್ನುವ ಮುಖ ನನಗಿರಲಿಲ್ಲ.

ಶುಕ್ರವಾರ ಎರಡೂ ಎಪಿಸೋಡು ಚಾನೆಲ್ಲಿನಿಂದ ವಾಪಸು ಬಂದವು. ಪರಿಶೀಲಿಸುವವರ ಟಿಪ್ಪಣಿ ಒಂದೇ ಸಾಲು: ಅತ್ತೆಯ ದನಿಯಲ್ಲಿ ಕಸುವಿಲ್ಲ, ಪುನಃ ಮಾಡಿ. ಸೋಮವಾರ ಪ್ರಸಾರ. ಶನಿವಾರ ಮಾಡಿ ಮುಗಿಸದೆ ಬೇರೆ ದಾರಿಯಿರಲಿಲ್ಲ. ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಮಾಮಿಗೆ ಮೂರು ಸಲ ಫೋನು ಮಾಡಲು ಹೊರಟು ಮೂರು ಸಲವೂ ಕತ್ತರಿಸಿದೆ. ವಡಪಳನಿ ಸಿಗ್ನಲ್ಲಿನಲ್ಲಿ ಹೇಳಿಬಿಡೋಣ ಅನ್ನಿಸಿತು, ಮುಂದಿನ ಸ್ಟಾಪಿನಲ್ಲಿ ಅವರ ಕರಾರು, ಅವರ ಇಷ್ಟ, ನನಗೇನು ಅನ್ನಿಸಿತು. ಇಳಿಯಬೇಕಾದ ಸ್ಟಾಪು ದಾಟಿಹೋಗಿದ್ದು ಕಂಡಕ್ಟರ್ ಹೇಳಿದ ಮೇಲೆ ಗೊತ್ತಾಯಿತು.

ಶನಿವಾರ ಹತ್ತು ಗಂಟೆಗೆ ಶುರು ಮಾಡಿದೆವು. ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯ. ಒಂದೂವರೆ ನಿಮಿಷ ಬಿಡುವಿಲ್ಲದೆ ಮಾತು, ಕೊನೆಗೆ ಒಂದು ಬಿಕ್ಕು. ಮೊದಲ ಟೇಕು ಮಂಕು. ಎರಡನೆಯದು ಮಂಕು. ಮೂರನೆಯದರಲ್ಲಿ ಬಿಕ್ಕು ತಡವಾಯಿತು. ನಾಲ್ಕನೆಯದರಲ್ಲಿ ಮಾಮಿಯೇ ನಡುವೆ ನಿಲ್ಲಿಸಿ, “ಸಾರಿ ಪಾ” ಎಂದು ನೀರು ಕುಡಿದರು.

ಕೋಆರ್ಡಿನೇಟರ್ ನಮ್ಮ ಹಿಂದಿನ ಸೋಫಾದಲ್ಲಿ ಕರಾರಿನ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮುಂದೆ ಬಾಗಿ ಮೆಲ್ಲಗೆ ಹೇಳಿದ.

“ಮಾಮಿಗೆ ವಯಸ್ಸಾಯ್ತಲ್ವಾ ಅಕ್ಕ. ಬೇರೆ ಒಬ್ರನ್ನ ನೋಡಿಟ್ಟಿದ್ದೇನೆ. ಇವ್ರು ಇದ್ರೆ ಇದೇ ರೇಟಿಗೆ ಇರ್ಲಿ, ಹೋದ್ರೆ ಹೋಗ್ಲಿ. ಜಾಸ್ತಿ ಕೇಳ್ತಾರೇನೋ ಅಂತ ಹೆದ್ರಿಕೆ ಇತ್ತು ನಂಗೆ. ಮೊನ್ನೆ ಅವ್ರೇ ಹೇಳಿದ್ರು, ‘ಅವಳಿಗೂ ಅಷ್ಟೇ ಅಂತೆ ಕಣಪ್ಪಾ, ನಾನೇನು ಕೇಳ್ಲಿ’ ಅಂತ.” ನಕ್ಕ. “ನೀವು ಒಳ್ಳೆ ಕೆಲ್ಸ ಮಾಡಿದ್ರಿ ಅಕ್ಕ.”

ಬೈದಿದ್ದರೆ ಸಹಿಸುತ್ತಿದ್ದೆನೇನೋ. ಆ ಹೊಗಳಿಕೆ ಮೈಮೇಲೆ ಬಿಸಿ ನೀರು ಬಿದ್ದ ಹಾಗಾಯಿತು. ಐದು ದಿನದಿಂದ ಒಳಗೆ ಸುತ್ತುತ್ತಿದ್ದದ್ದು ನಿಂತಿತು. ಗಾಜಿನ ಆಚೆ ಮಾಮಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ನಾನು ಬಟನ್ನು ಒತ್ತಿದೆ.

“ಮಾಮಿ, ಸೋಮವಾರ ನಾನು ಸುಳ್ಳು ಹೇಳಿದೆ. ನಂಗೆ ಏಳುನೂರಲ್ಲ. ಚಿಕ್ಕಮ್ಮಂಗೆ ಎಪಿಸೋಡಿಗೆ ಸಾವಿರದ ಇನ್ನೂರು ಕೊಡ್ತಾರೆ. ಮೊದಲಿಂದಾನೂ.”

ಸೌಂಡ್ ಇಂಜಿನಿಯರ್‌ಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಅವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಹಿಂದೆ ಕಾಗದಗಳು ಮಡಿಲಿನಿಂದ ಜಾರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. “ಎಂತ ಅಕ್ಕ ನೀವು!” ಎಂದ ಕೋಆರ್ಡಿನೇಟರ್.

ಮಾಮಿ ಕನ್ನಡಕ ಹಾಕಿಕೊಂಡು ಗಾಜಿನ ಮೂಲಕ ನನ್ನನ್ನೇ ನೋಡಿದರು. ಸ್ಪೀಕರಿನಲ್ಲಿ ಮೊದಲು ಉಸಿರು ಕೇಳಿಸಿತು, ಆಮೇಲೆ ಮಾತು.

“ಬುಧವಾರ ಬೆಳಿಗ್ಗೆ ಓನರ್‌ಗೆ ಮನೆ ಬಿಡ್ತೀನಿ ಅಂತ ಹೇಳ್ಬಿಟ್ಟೆ ಕಣೇ. ಇಲ್ಲಿ ಇರೋದೇ ಅಷ್ಟು ಅಂತ.”

ನಾನು ಬಟನ್ನಿನಿಂದ ಬೆರಳು ತೆಗೆದೆ.

“ಸೆರಿ, ಸೀನ್ ಹಾಕು. ಸೋಮವಾರ ಏರ್ ಆಗ್ಬೇಕಲ್ಲ” ಎಂದರು.

ಆ ಟೇಕು ಒಂದೇ ಏಟಿಗೆ ಅದ್ಭುತವಾಗಿ ಬಂತು ಎಂದು ಬರೆಯಲು ಆಸೆಯಾಗುತ್ತದೆ. ಬರಲಿಲ್ಲ. ಇನ್ನೂ ಮೂರು ಟೇಕು ಹಿಡಿಯಿತು, ಎರಡು ಸಲ ಮಾತು ಶುರು ಮಾಡುವ ಗುರುತನ್ನು ನಾನೇ ತಪ್ಪಿ ಕೊಟ್ಟೆ. ಕೊನೆಯದರಲ್ಲಿ ಅತ್ತೆಗೆ ಕಸುವು ಬಂದಿತ್ತು. ಪರದೆಯ ಮೇಲೆ ಸೊಸೆಯನ್ನು ಬೈಯುತ್ತಿದ್ದಳು, ಮಾಮಿಯ ಕಣ್ಣು ಮಾತ್ರ ಒಂದೆರಡು ಸಲ ಪರದೆ ಬಿಟ್ಟು ಗಾಜಿನ ಕಡೆ ಬಂತು.

ಹೊರಗೆ ಬಂದವರು ಬಳೆ ಕೂಡ ಹಾಕಿಕೊಳ್ಳದೆ ಕೋಆರ್ಡಿನೇಟರ್ ಎದುರು ಕೂತರು. “ಸಾವಿರದ ಇನ್ನೂರು” ಎಂದರು. ಅವನು ಚಾನೆಲ್ಲಿನವರ ಕಷ್ಟ ಹೇಳಿದ, ತನ್ನ ಕಮಿಷನ್ ಎಷ್ಟು ಕಡಿಮೆ ಎಂದ, ದೇವರ ಮೇಲೆ ಆಣೆ ಇಟ್ಟ. ಎಲ್ಲ ಕೇಳಿಸಿಕೊಂಡು ಮಾಮಿ ಹೇಳಿದರು: “ನಲವತ್ತು ಎಪಿಸೋಡು ಜನ ನನ್ನ ದನೀಲಿ ಕೇಳಿದಾರಪ್ಪಾ. ನಾಳಿದ್ದು ಅತ್ತೆಗೆ ಬೇರೆ ಗಂಟಲು ಬಂದ್ರೆ ಅವರೇ ನಿಂಗೆ ಫೋನ್ ಮಾಡ್ತಾರೆ. ನೋಡ್ಕೋ.” ಅರ್ಧ ಗಂಟೆಯ ಮೇಲೆ ಸಾವಿರದ ನೂರಕ್ಕೆ ಬಂದು ನಿಂತಿತು. ಸಹಿ ಆಯಿತು.

ಆಮೇಲೆ ಅವನು ನನ್ನನ್ನು ಮೆಟ್ಟಿಲ ಹತ್ತಿರ ಕರೆದ. ಕವರು ಕೊಟ್ಟ, ಸ್ಕೇಲು ಮಾತ್ರ ಇಡಲಿಲ್ಲ. “ಅಕ್ಕ, ನಿಮ್ಮ ದನಿಗೆ ಕೊಡ್ತಾ ಇದ್ದದ್ದು ಸಾವಿರ. ಸುಮ್ಮನಿದ್ದದ್ದಕ್ಕೆ ಇನ್ನೂರು. ಆ ಇನ್ನೂರು ಇನ್ನು ಇಲ್ಲ, ಆಯ್ತಾ?” ಎಂದ. ಸಿಟ್ಟಿನಿಂದಲ್ಲ, ಹೋಟೆಲಿನಲ್ಲಿ ಬಿಲ್ಲು ಹೇಳುವ ದನಿಯಲ್ಲಿ. ಅಷ್ಟು ವರ್ಷದಲ್ಲಿ ಅವನು ನನಗೆ ಹೇಳಿದ ಅತಿ ಪ್ರಾಮಾಣಿಕ ಮಾತು ಅದು. ನಾನು ಸಹಿ ಹಾಕಿದೆ.

ಕೆಳಗೆ ರಸ್ತೆಯಲ್ಲೇ ನಿಂತು ಮಾಮಿ ಮನೆಯ ಓನರ್‌ಗೆ ಫೋನು ಮಾಡಿದರು. ಹದಿನೈದು ಕೊಡುತ್ತೇನೆ, ಇರುತ್ತೇನೆ ಎಂದು ತಮಿಳಿನಲ್ಲಿ ಎರಡು ಸಲ ಹೇಳಿದರು. ಫೋನು ಇಟ್ಟರು. ಶುಕ್ರವಾರವೇ ಬೇರೆಯವರಿಂದ ಅಡ್ವಾನ್ಸ್ ತೆಗೆದುಕೊಂಡಾಗಿತ್ತಂತೆ.

“ನಾನು ಗುರುವಾರ ಹೇಳಿದ್ರೂ ಆಗ್ತಿತ್ತು ಮಾಮಿ” ಎಂದೆ. ನನಗೆ ಅಳು ಬಂತು, ರಸ್ತೆ ಎಂದೂ ನೋಡದೆ ಅತ್ತುಬಿಟ್ಟೆ.

“ಹೌದು, ಆಗ್ತಿತ್ತು” ಎಂದರು ಅವರು. ಸಮಾಧಾನ ಮಾಡಲಿಲ್ಲ. ಬಸ್ಸು ಬಂತು, ಹತ್ತಿ ಹೋದರು.

ಹೊಸೂರಿಗಂತೂ ಹೋಗಲಿಲ್ಲ. ಪೋರೂರಿನಲ್ಲಿ ಕೆರೆಯ ಹಿಂದೆ ಒಂದು ಮನೆಯ ಮಹಡಿಯ ಮೇಲೆ ಒಂಟಿ ರೂಮು ಸಿಕ್ಕಿತು. ಹಿತ್ತಿಲಿಲ್ಲ, ತುಳಸಿ ಇಡಲು ಜಾಗವಿಲ್ಲ, ಬೇಸಿಗೆಯಲ್ಲಿ ತಾರಸಿ ಕಾದು ನಿದ್ದೆ ಬಾರದು. ಇಪ್ಪತ್ತಾರು ವರ್ಷ ಇದ್ದ ಮನೆ ಬಿಟ್ಟು ಬರಲು ನನ್ನ ಒಂದು ‘ಹೂಂ’ ಸಾಕಾಗಿತ್ತು. ನನ್ನ ದುಡ್ಡಿನಲ್ಲಿ ಸ್ವಲ್ಪ ಕೊಡುತ್ತೇನೆ ಎಂದು ಹೋದೆ. “ನಿನ್ನ ದುಡ್ಡು ಯಾರಿಗ್ ಬೇಕೇ?” ಎಂದು ಬಾಗಿಲಲ್ಲೇ ನಿಲ್ಲಿಸಿದರು. ಆದರೆ ತಿಂಗಳ ಕೊನೆಯ ಭಾನುವಾರ ಸಾಮಾನು ಕಟ್ಟಲು ಬರುತ್ತೇನೆ ಎಂದಾಗ ಬೇಡ ಎನ್ನಲಿಲ್ಲ.

ಅವತ್ತು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಗೋಣಿಗೆ ತುಂಬುತ್ತಿದ್ದೆವು. ಹನ್ನೊಂದರ ಹೊತ್ತಿಗೆ ಮನೆಯ ಓನರ್ ಹೊಸ ಬಾಡಿಗೆದಾರರನ್ನು ಕರೆದುಕೊಂಡು ಬಂದ. ಚಿಕ್ಕ ವಯಸ್ಸಿನ ಗಂಡ ಹೆಂಡತಿ, ತಿರುನೆಲ್ವೇಲಿ ಕಡೆಯ ತಮಿಳು. ಹುಡುಗಿ ಬಸುರಿ. ಅಡುಗೆಮನೆಯ ಕಿಟಕಿ ತೆರೆದು ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಮಾಮಿಯ ಹತ್ತಿರ ಬಂದು ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಳು. ಓನರ್ ಬಾಗಿಲಲ್ಲೇ ನಿಂತಿದ್ದ.

ಮಾಮಿ ನೀರಿನ ಹೊತ್ತು ಹೇಳಿದರು. ಹೇಳಿ, ಅದೇ ಉಸಿರಿನಲ್ಲಿ, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದರು. “ಉಂಗಳುಕ್ಕು ವಾಡಗೈ ಎವ್ವಳವು ಸೊನ್ನಾರುಮ್ಮಾ?” ನಿಮಗೆ ಬಾಡಿಗೆ ಎಷ್ಟು ಹೇಳಿದ್ದಾನೆ ಎಂದು.

ಹುಡುಗಿ ಓನರ್‌ನ ಮುಖ ನೋಡಿದಳು. ಆಮೇಲೆ ಮಾಮಿಯ ಮುಖ ನೋಡಿದಳು. ಸಣ್ಣಗೆ, “ಪತ್ತೊಂಬದು” ಎಂದಳು. ಹತ್ತೊಂಬತ್ತು.

“ನಾನ್ ಕುಡುತ್ತದು ಪದಿನೊಣ್ಣು” ಎಂದರು ಮಾಮಿ. “ಎಂಗಿಟ್ಟ ಕೇಟ್ಟದು ಪದಿನಂಜು. ಪೇಸಿ ಎಡುತ್ತುಕ್ಕೋ.” ನಾನು ಕೊಡುತ್ತಿದ್ದದ್ದು ಹನ್ನೊಂದು, ನನ್ನ ಹತ್ತಿರ ಕೇಳಿದ್ದು ಹದಿನೈದು, ಮಾತಾಡಿ ತಗೋ.

ಓನರ್ ಕೆಮ್ಮಿದ. ಹುಡುಗಿಯ ಗಂಡ ಅವನ ಕಡೆ ತಿರುಗಿದ. ನನಗೆ ಐದು ದಿನ ಹಿಡಿದ ಕೆಲಸ ಮಾಮಿಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ, ಅದೂ ತನ್ನ ಮನೆಗೆ ಬರುತ್ತಿದ್ದ ಅಪರಿಚಿತರಿಗೆ. ನಾನು ತಲೆ ತಗ್ಗಿಸಿ ಗೋಣಿಯ ಬಾಯಿಗೆ ಹಗ್ಗ ಬಿಗಿಯುತ್ತಾ ಕೂತೆ. ಮಾಮಿ ನನ್ನ ಪಕ್ಕದಲ್ಲಿ ಮತ್ತೆ ಕುಕ್ಕರುಗಾಲಿನಲ್ಲಿ ಕೂತು, “ಇನ್ನೊಂದು ಗಂಟು ಹಾಕೇ, ಬಿಚ್ಕೊಳತ್ತೆ” ಎಂದರು.